12 ಎಂ.ಎಂ. ಪ್ಲೈವುಡ್ಡಿನ ಕಮಾನು ಚಪ್ಪರ: ಕಟ್ಟಿದ್ದು, ಬಿಚ್ಚಿದ್ದು

ಉಡುಪಿ ಪಕ್ಕದ ಒಂದು ಶಾಲೆಯ ಮೈದಾನದಲ್ಲಿ ಡಿಸೆಂಬರಿನಲ್ಲಿ ಪುಸ್ತಕ ಮೇಳ ಇತ್ತು. ಮಕ್ಕಳು ಕೂತು ಓದಲು ಒಂದು ಚಪ್ಪರ ಬೇಕು, ಶಾಮಿಯಾನ ಬೇಡ ಅಂದರು ಅಲ್ಲಿನ ಡ್ರಾಯಿಂಗ್ ಮೇಷ್ಟ್ರು. ಮೈದಾನದಲ್ಲಿ ಗುಂಡಿ ತೋಡುವ ಹಾಗಿಲ್ಲ. ಸಾಮಾನು ಒಂದು ಸಣ್ಣ ಟೆಂಪೋದಲ್ಲಿ ಹೋಗಿ ಬರಬೇಕು. ಮೇಳ ಮುಗಿದ ಮೇಲೆ ಯಾವುದೂ ಸೌದೆ ಆಗಬಾರದು.

ಈ ಮೂರನೆಯ ಷರತ್ತೇ ಇಡೀ ವಿನ್ಯಾಸವನ್ನು ನಡೆಸಿತು. ತಾತ್ಕಾಲಿಕ ಚಪ್ಪರವನ್ನು ಚೆಂದ ಕಾಣುವ ಹಾಗೆ ಕಟ್ಟುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಉಡುಪಿ ಕೃಷ್ಣ ಮಠದ ಪರ್ಯಾಯಕ್ಕೆ ಮುಂಚೆ ಮಧ್ವ ಸರೋವರದ ಬಳಿ ಬರೀ ಸೌದೆ ಜೋಡಿಸಿ ಕಟ್ಟಿಗೆ ರಥ ನಿಲ್ಲಿಸುತ್ತಾರಲ್ಲ, ಅದರ ಮುಂದೆ ಯಾವ ಆರ್ಕಿಟೆಕ್ಟ್ ಆದರೂ ಸ್ವಲ್ಪ ಸುಮ್ಮನಾಗಲೇಬೇಕು. ಆದರೆ ಅದು ಆಮೇಲೆ ಒಲೆಗೆ ಹೋಗುವ ಸಾಮಾನು. ನಮ್ಮದು ಮತ್ತೆ ಕಟ್ಟಲು ಬರಬೇಕಿತ್ತು.

ಎಂಜಿನಿಯರ್ಡ್ ಟಿಂಬರ್ ಅಂದರೆ ಮರವನ್ನು ಹಾಳೆಯಾಗಿಯೋ ಪಟ್ಟಿಯಾಗಿಯೋ ಸೀಳಿ, ಅಂಟು ಹಾಕಿ, ಒತ್ತಿ ಮತ್ತೆ ಕೂಡಿಸಿದ ಸಾಮಾನು. ಗ್ಲೂಲ್ಯಾಮ್ (ಪಟ್ಟಿಗಳನ್ನು ಒಂದೇ ದಿಕ್ಕಿಗೆ ಅಂಟಿಸಿದ ತೊಲೆ), ಸಿಎಲ್‌ಟಿ (ಹಲಗೆಗಳನ್ನು ಅಡ್ಡಡ್ಡ ಪದರವಾಗಿ ಅಂಟಿಸಿದ ದಪ್ಪ ಫಲಕ) ಇವೆಲ್ಲ ಓದಲು ಚೆಂದ. ಆದರೆ ನಮ್ಮಲ್ಲಿ ಅಂಗಡಿಗೆ ಹೋಗಿ ನಾಲ್ಕು ಕೊಡಿ ಅಂತ ಕೇಳುವ ವಸ್ತು ಅಲ್ಲ. ಬಂದರಿನ ಅಂಗಡಿಗಳಲ್ಲಿ ಕೈಗೆ ಸಿಗುವುದು ಪ್ಲೈವುಡ್, ಬ್ಲಾಕ್‌ಬೋರ್ಡ್ (ನಡುವೆ ಮರದ ಪಟ್ಟಿ ಇಟ್ಟು ಮಾಡಿದ ಹಲಗೆ), ಮತ್ತೆ ರಬ್ಬರ್ ಮರದ ಫಿಂಗರ್ ಜಾಯಿಂಟ್ ಬೋರ್ಡ್, ಅಂದರೆ ಗಿಡ್ಡ ತುಂಡುಗಳ ತುದಿಯನ್ನು ಬೆರಳು ಹೆಣೆದ ಹಾಗೆ ಕೂಡಿಸಿ ಅಂಟಿಸಿದ ಹಲಗೆ. ಇಷ್ಟರಲ್ಲೇ ಆಟ ಆಡುವುದು ಅಂತ ನಿರ್ಧರಿಸಿದೆವು.

ಕಮಾನಿನ ಲೆಕ್ಕ

ಪ್ಲೈವುಡ್ ಪೆವಿಲಿಯನ್ ಅಂದ ಕೂಡಲೇ ಎಲ್ಲರೂ ತೋರಿಸುವ ಚಿತ್ರ ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ್ದು. 2010ರಲ್ಲಿ 6.5 ಎಂ.ಎಂ. ಬರ್ಚ್ ಪ್ಲೈವುಡ್ ಪಟ್ಟಿಗಳನ್ನು ಬಗ್ಗಿಸಿ ಅಲ್ಲಿ ಒಂದು ಮಂಟಪ ನಿಲ್ಲಿಸಿದರು. 500ಕ್ಕೂ ಹೆಚ್ಚು ತುಂಡುಗಳು, ಒಂದರ ಹಾಗೆ ಇನ್ನೊಂದಿಲ್ಲ. ಎಲ್ಲವನ್ನೂ ಕತ್ತರಿಸಿದ್ದು ರೋಬೋಟ್. ನೋಡಲು ಅದ್ಭುತ. ಆದರೆ 500 ತುಂಡಿಗೆ 500 ನಂಬರ್ ಬರೆದು, ಮುಂದಿನ ವರ್ಷ ಒಂದು ಕಳೆದುಹೋಗಿದೆ ಅಂತ ಗೊತ್ತಾದರೆ? ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಅನ್ನುವ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅಂಥ ಕೆಲಸಕ್ಕೆ ಅಂಥ ತಾಳ್ಮೆಯ ಮನುಷ್ಯನೇ ಬೇಕು. ಪುಸ್ತಕ ಮೇಳಕ್ಕೆ ಬರುವ ಹುಡುಗರ ಹತ್ತಿರ ಅಷ್ಟು ನಿರೀಕ್ಷೆ ಮಾಡಲಾಗದು.

ಹಾಗಾಗಿ ಉಲ್ಟಾ ಯೋಚಿಸಿದೆವು. ತುಂಡುಗಳೆಲ್ಲ ಒಂದೇ ಥರ ಇರಲಿ, ಯಾವುದು ಎಲ್ಲಿ ಬೇಕಾದರೂ ಕೂರಲಿ.

ಉದ್ದ ಮರ ಸಿಗದಾಗ ಗಿಡ್ಡ ಹಲಗೆಗಳಿಂದ ದೊಡ್ಡ ಕಮಾನು ಮಾಡುವ ಉಪಾಯ ಹಳೆಯದು. ಫ್ರಾನ್ಸಿನ ಫಿಲಿಬೆರ್ ದ ಲೋರ್ಮ್ ಇದರ ವಿವರವನ್ನು 1561ರಲ್ಲೇ ಅಚ್ಚು ಹಾಕಿಸಿದ್ದ. ಗಿಡ್ಡ ಹಲಗೆಗಳನ್ನು ಕಮಾನಿನ ಆಕಾರಕ್ಕೆ ಕೊಯ್ದು, ಪದರದ ಮೇಲೆ ಪದರ ಇಟ್ಟು, ಒಂದು ಪದರದ ಸಂದು ಇನ್ನೊಂದರ ಸಂದಿಗೆ ಸಿಗದ ಹಾಗೆ ಜೋಡಿಸುವುದು. 1920ರ ದಶಕದಲ್ಲಿ ಜರ್ಮನಿಯ ಫ್ರೀಡ್ರಿಶ್ ಝೋಲಿಂಗರ್ ಗಿಡ್ಡ ಹಲಗೆಗಳನ್ನೇ ಬಲೆಯ ಥರ ಹೆಣೆದು ಮನೆಗಳಿಗೆ ಮಾಡು, ಅಂದರೆ ಛಾವಣಿ, ಹಾಕಿದ. ಅವನಿಗೂ ಉದ್ದ ಮರದ ಖರ್ಚೇ ತಲೆನೋವು. ನಾವು ಝೋಲಿಂಗರನ ಬಲೆ ಬಿಟ್ಟು ದ ಲೋರ್ಮ್‌ನ ಕಮಾನು ಹಿಡಿದೆವು. ಬಲೆಯಲ್ಲಿ ಪ್ರತಿ ಗಂಟೂ ಓರೆ. ಓರೆ ತೂತು ಹೊಡೆಯುವುದು ಮೈದಾನದಲ್ಲಿ ಆಗುವ ಕೆಲಸ ಅಲ್ಲ.

ಚಪ್ಪರದ ಅಗಲ 4.8 ಮೀಟರ್, ಉದ್ದ 6 ಮೀಟರ್. ಅಂದರೆ ಹತ್ತಿರ ಹತ್ತಿರ 16 ಅಡಿಗೆ 20 ಅಡಿ. ಆರು ಅರ್ಧವೃತ್ತದ ಕಮಾನುಗಳು, ನಡುವೆ 1.2 ಮೀಟರ್ ಅಂತರ. ಪ್ರತಿ ಕಮಾನಿಗೆ 12 ಎಂ.ಎಂ. ಪ್ಲೈಯ ಮೂರು ಪದರ, ಸೇರಿ 36 ಎಂ.ಎಂ. ದಪ್ಪ, 150 ಎಂ.ಎಂ. ಅಗಲ.

ಎಷ್ಟು ತುಂಡು ಮಾಡಬೇಕು ಅನ್ನುವುದನ್ನು ಪ್ಲೈ ಶೀಟೇ ತೀರ್ಮಾನಿಸಿತು. ಶೀಟ್ 2440ಕ್ಕೆ 1220. ಅರ್ಧವೃತ್ತವನ್ನು ಆರು ಭಾಗ ಮಾಡಿದರೆ ಒಂದು ತುಂಡು 1280 ಎಂ.ಎಂ. ಬರುತ್ತದೆ. ಶೀಟಿನ ಉದ್ದಕ್ಕೆ ಎರಡು ಹಿಡಿಯುವುದಿಲ್ಲ, ಅರ್ಧ ಶೀಟ್ ದಂಡ. ಏಳು ಭಾಗ ಮಾಡಿದರೆ 1101 ಎಂ.ಎಂ. ಉದ್ದಕ್ಕೆ ಎರಡು ಆರಾಮಾಗಿ ಕೂತವು. ಅಗಲಕ್ಕೆ ಒಂದರ ಬೆನ್ನಿಗೆ ಒಂದು ಏಳು ಬಂದವು. ಒಂದು ಶೀಟಿಗೆ 14 ತುಂಡು. ಒಂದು ಕಮಾನಿಗೆ ಮೂರು ಪದರ, ಪದರಕ್ಕೆ ಏಳು, ಒಟ್ಟು 21. ಅಂದರೆ ಒಂದೂವರೆ ಶೀಟು. ಆರು ಕಮಾನಿಗೆ ಸರಿಯಾಗಿ ಒಂಬತ್ತು ಶೀಟು. ಮೇಲಿಂದ ಒಂದು ಶೀಟು ಕೈಕಾವಲಿಗೆ ತಂದೆವು. ತುಂಡುಗಳನ್ನು ಶೀಟಿನ ಉದ್ದಕ್ಕೆ ಇಟ್ಟಿದ್ದಕ್ಕೆ ಇನ್ನೊಂದು ಕಾರಣ ಇದೆ. ಹೊರಪದರದ ನಾರು ಆ ದಿಕ್ಕಿಗೇ ಓಡುತ್ತದೆ. ಕಮಾನಿನ ಉದ್ದಕ್ಕೂ ನಾರು ಬಂದರೆ ಬಲ ಜಾಸ್ತಿ.

ಇನ್ನು ತೂತು. ಪ್ರತಿ ತುಂಡನ್ನು ಮನಸ್ಸಿನಲ್ಲೇ ಮೂರು ಸಮಭಾಗ ಮಾಡಿ. ಪ್ರತಿ ಭಾಗದ ನಡುವೆ ಎರಡು ತೂತು, ಒಂದು ಹೊರ ಅಂಚಿನಿಂದ 40 ಎಂ.ಎಂ. ಒಳಗೆ, ಇನ್ನೊಂದು ಒಳ ಅಂಚಿನಿಂದ 40. ಒಂದು ತುಂಡಿಗೆ ಆರು ತೂತು. ಎರಡನೇ ಪದರವನ್ನು ಮೂರನೇ ಒಂದು ಭಾಗ ಸರಿಸಿ, ಮೂರನೆಯದನ್ನು ಮೂರನೇ ಎರಡು ಭಾಗ ಸರಿಸಿ. ತೂತುಗಳು ಆಗಲೂ ತೂತಿನ ಮೇಲೇ ಬರುತ್ತವೆ. ಯಾವ ಜಾಗದಲ್ಲಿ ನೋಡಿದರೂ ಒಂದು ಪದರ ಮಾತ್ರ ಸಂದು ಬಿಟ್ಟಿರುತ್ತದೆ, ಉಳಿದೆರಡು ಇಡಿಯಾಗಿರುತ್ತವೆ. ಬುಡದಲ್ಲಿ ಸರಿಹೊಂದಲು ಕಮಾನಿಗೆ ಎರಡು ತುಂಡುಗಳನ್ನು ಮಾತ್ರ ಒಂದಕ್ಕೆ ಎರಡರ ಪ್ರಮಾಣದಲ್ಲಿ ಕೊಯ್ಯಬೇಕು. ಅಷ್ಟೇ. ನಂಬರ್ ಬರೆಯುವ ಗೊಡವೆಯೇ ಇಲ್ಲ.

ನಮ್ಮ ಬಡಗಿ ಆಚಾರ್ರಿಗೆ ಇದು ಮೊದಲು ಇಷ್ಟ ಆಗಲಿಲ್ಲ. "ಇಡೀ ಹಲಗೆ ಇದ್ದದ್ದನ್ನು ತುಂಡು ಮಾಡಿ ಮತ್ತೆ ಜೋಡಿಸುದು ಎಂತಕ್ಕೆ ಮಾರಾಯ್ರೆ?" ಅಂದರು.

"ಇದು ಮೊದಲೇ ತುಂಡು ಮಾಡಿ ಜೋಡಿಸಿದ್ದೇ ಅಲ್ವಾ ಆಚಾರ್ರೆ" ಅಂದೆ. ಪ್ಲೈಯ ಅಂಚು ನೋಡಿ ಸ್ವಲ್ಪ ನಕ್ಕರು. ಒಪ್ಪಿದ ಹಾಗೆ ಕಾಣಲಿಲ್ಲ.

ಯಾವ ಪ್ಲೈ?

ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಡಿಸೆಂಬರ್ ಅಂದರೂ ಕರಾವಳಿ ಕರಾವಳಿಯೇ. ಬೆಳಗ್ಗೆ ಇಬ್ಬನಿ, ದಿನವಿಡೀ ಉಪ್ಪಿನ ಗಾಳಿ. ಎಂಆರ್ (ತೇವ ಮಾತ್ರ ತಡೆಯುವ) ಪ್ಲೈ ಒಳಾಂಗಣದ ಕಪಾಟಿಗೆ ಸಾಕು. ಹೊರಗೆ ನಿಲ್ಲುವುದಕ್ಕೆ ಐಎಸ್ (ಭಾರತೀಯ ಮಾನಕ) 710 ಗುರುತಿನ ಬಿಡಬ್ಲ್ಯೂಪಿ, ಅಂದರೆ ಕುದಿಯುವ ನೀರನ್ನೂ ತಡೆಯುವ ಪ್ಲೈ ಬೇಕು. ಅದರ ಅಂಟು ಫೀನಾಲ್ ಫಾರ್ಮಾಲ್ಡಿಹೈಡ್. 72 ಗಂಟೆ ಕುದಿಯುವ ನೀರಲ್ಲಿ ಇಟ್ಟರೂ ಪದರ ಬಿಡಬಾರದು ಅನ್ನುವುದು ಅದರ ಪರೀಕ್ಷೆ.

ಅಷ್ಟು ಹೊತ್ತು ಅಲ್ಲದಿದ್ದರೂ ನಾವೂ ಕುದಿಸಿ ನೋಡಿದೆವು. ಬಚ್ಚಲ ಒಲೆ ಮೇಲೆ ಒಂದು ಹಳೆ ಪಾತ್ರೆ, ಅದರಲ್ಲಿ ಎರಡು ಥರದ ಪ್ಲೈಯ ಬೆರಳುದ್ದದ ಚೂರುಗಳು. ಸಂಜೆ ಹೊತ್ತಿಗೆ ಎಂಆರ್ ಚೂರಿನ ಬದಿ ಊದಿ, ಉಗುರು ತೂರಿಸಿದರೆ ಪದರ ಪದರವಾಗಿ ಎದ್ದು ಬರುತ್ತಿತ್ತು. ನಡುವಿನ ಪದರ ಕೈಯಲ್ಲೇ ನಾರುನಾರಾಯಿತು. ಬಿಡಬ್ಲ್ಯೂಪಿ ಚೂರು ಬಣ್ಣ ಬಿಟ್ಟಿತ್ತು, ಸ್ವಲ್ಪ ದಪ್ಪ ಆಗಿತ್ತು, ಆದರೆ ಉಳಿ ಹಾಕಿ ಎಬ್ಬಿಸಿದರೂ ಅಂಟಿನ ಗೆರೆಯಲ್ಲಿ ಬಿಡದೆ ಮರದಲ್ಲೇ ಹರಿಯಿತು. ಅಂಗಡಿಯ ಮುದ್ರೆಗಿಂತ ಈ ಚೂರನ್ನು ನಾನು ಜಾಸ್ತಿ ನಂಬುತ್ತೇನೆ.

ಶಟರಿಂಗ್ ಪ್ಲೈ ಹಾಕಬಹುದಿತ್ತಲ್ಲ ಅಂತ ಕೆಲವರು ಕೇಳಿದರು. ಕಾಂಕ್ರೀಟ್ ಹಾಕುವವರ ಹತ್ತಿರ ಇರುವ ಆ ಕಂದು ಫಿಲ್ಮ್ ಹಚ್ಚಿದ ಪ್ಲೈ ನೀರಿಗೆ ಗಟ್ಟಿಯೇ. ಆದರೆ ಅದರ ಮೈ ನುಣುಪು. ನಮ್ಮ ಕಮಾನಿನಲ್ಲಿ ಅಂಟಿಲ್ಲ, ಬೋಲ್ಟ್ ಮಾತ್ರ. ಬೋಲ್ಟ್ ಬಿಗಿದಾಗ ಮರ ಮರವನ್ನು ಕಚ್ಚಿ ಹಿಡಿಯಬೇಕು. ಫಿಲ್ಮ್ ಇದ್ದರೆ ಜಾರುತ್ತದೆ. ಅದಕ್ಕೇ ಬೇಡ ಅಂದೆವು.

ಶೀಟು ತರುವಾಗ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಒಳಗೆ ಪೊಳ್ಳಿದ್ದರೆ ಸದ್ದು ಬೇರೆ ಬರುತ್ತದೆ. ನಮ್ಮ ಲಾಟಿನಲ್ಲಿ ಒಂದು ಶೀಟು ತಟ್ಟಿದಾಗ ಸರಿ ಇತ್ತು, ಕೊಯ್ದ ಮೇಲೆ ನಡುವಿನ ಪದರದಲ್ಲಿ ಹೆಬ್ಬೆರಳಷ್ಟು ಸಂದು ಕಂಡಿತು. ಸರಿಯಾಗಿ ಬೋಲ್ಟ್ ಬರುವ ಜಾಗ. ಅಂಗಡಿಯವರು ಕೊಯ್ದ ಮಾಲು ವಾಪಸ್ ಇಲ್ಲ ಅಂದರು. ಕೈಕಾವಲಿನ ಶೀಟು ಕೆಲಸಕ್ಕೆ ಬಂತು.

ಕೊಯ್ಯುವ ಕೆಲಸ

ಬಾಗಿಲಿಗೆ ಗಣಪತಿ, ಲಕ್ಷ್ಮಿ ಕೆತ್ತುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರದ) ಅಂಗಡಿಗಳು ಈಗ ಎಲ್ಲ ಕಡೆ ಇವೆ. ಅಲ್ಲಿ 18 ಎಂ.ಎಂ. ಪ್ಲೈಯಲ್ಲಿ ಒಂದು ಅಚ್ಚು ಮಾತ್ರ ಕತ್ತರಿಸಿಕೊಂಡೆವು, ಆರು ತೂತು ಸಮೇತ. ಎಲ್ಲವನ್ನೂ ಅವರಲ್ಲೇ ಮಾಡಿಸಿದರೆ ಖರ್ಚು ಕೈಮೀರುತ್ತಿತ್ತು. ಉಳಿದದ್ದು ಆಚಾರ್ರ ಕೈ. ಅಚ್ಚಿಟ್ಟು ಪೆನ್ಸಿಲ್ ಗೆರೆ, ಗೆರೆಯಿಂದ ಸ್ವಲ್ಪ ಹೊರಗೆ ಜಿಗ್‌ಸಾ, ಆಮೇಲೆ ಅಚ್ಚನ್ನು ಕ್ಲಾಂಪ್ ಮಾಡಿ ಬೇರಿಂಗ್ ಇರುವ ರೂಟರ್ ಬಿಟ್‌ನಿಂದ ಅಂಚು ಸಮ ಮಾಡುವುದು. ಬೇರಿಂಗ್ ಅಚ್ಚಿನ ಮೇಲೆ ಉರುಳುತ್ತದೆ, ಬ್ಲೇಡು ಕೆಳಗಿನ ತುಂಡನ್ನು ಅದೇ ಆಕಾರಕ್ಕೆ ತರುತ್ತದೆ. ತೂತನ್ನು ಅಚ್ಚಿನ ಮೂಲಕವೇ ಹೊಡೆಯಬೇಕು. ಅಳತೆ ತೆಗೆದು ಗುರುತು ಹಾಕಲು ಹೋದರೆ ಅರ್ಧ ಎಂ.ಎಂ. ಅರ್ಧ ಎಂ.ಎಂ. ಸೇರಿ ಏಳನೇ ತುಂಡಿಗೆ ಬೋಲ್ಟ್ ಒಳಗೇ ಹೋಗುವುದಿಲ್ಲ. ಅಚ್ಚಿನ ತೂತು ಸವೆಯದ ಹಾಗೆ ಅದಕ್ಕೆ ಕಬ್ಬಿಣದ ಬುಷ್ (ಸಣ್ಣ ಕೊಳವೆ) ಹಾಕಿದ್ದು ಆಚಾರ್ರ ಐಡಿಯಾ. ನನಗದು ಹೊಳೆದೇ ಇರಲಿಲ್ಲ.

ಅಂಚಿಗೆ ಸೀಲರ್ ಎರಡು ಕೋಟು. ಪ್ಲೈಯ ಮುಖಕ್ಕೆ ನೀರು ಬಿದ್ದರೆ ಅಷ್ಟು ಚಿಂತೆ ಇಲ್ಲ. ನೀರು ನುಗ್ಗುವುದು ಅಂಚಿನಿಂದ ಮತ್ತು ತೂತಿನಿಂದ. ತೂತಿನೊಳಕ್ಕೂ ಸಣ್ಣ ಬ್ರಷ್ ತೂರಿಸಿ ಹಚ್ಚಿದೆವು. ಬೇಜಾರು ಹಿಡಿಸುವ ಕೆಲಸ, ಆದರೆ ಬಿಡುವ ಹಾಗಿಲ್ಲ.

ಬೋಲ್ಟ್ ಎಂ8 (8 ಎಂ.ಎಂ. ದಪ್ಪ), 50 ಎಂ.ಎಂ. ಉದ್ದ, ಒಟ್ಟು 252. ಎರಡೂ ಬದಿಗೆ ದೊಡ್ಡ ವಾಷರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಮಡ್‌ಗಾರ್ಡ್ ವಾಷರ್ ಅಂತ ಕೇಳಿ. ಸಣ್ಣ ವಾಷರ್ ಹಾಕಿದರೆ ಬಿಗಿದಾಗ ಪ್ಲೈಯೊಳಗೆ ಹೂತುಹೋಗುತ್ತದೆ.

ಗಾಳಿ ಎತ್ತುತ್ತದೆ, ಭಾರ ಅಲ್ಲ

ಚಪ್ಪರ ಬೀಳುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಹಾರುತ್ತದಾ ಅಂತ ಕೇಳಬೇಕು. ಒಂದು ಕಮಾನಿನ ತೂಕ ಸುಮಾರು 26 ಕೆಜಿ. ರೀಪು (ಕಮಾನಿಂದ ಕಮಾನಿಗೆ ಹಾಕುವ ಅಡ್ಡಪಟ್ಟಿ), ಹೊದಿಕೆ ಎಲ್ಲ ಸೇರಿ ಇಡೀ ಮಾಡು 300 ಕೆಜಿ ಮುಟ್ಟುವುದಿಲ್ಲ.

ಗಾಳಿಯ ಲೆಕ್ಕಕ್ಕೆ ಐಎಸ್ 875ರ 3ನೇ ಭಾಗ ನೋಡಬೇಕು. ಮಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್ ಅಂತ ಅದರಲ್ಲಿದೆ. ಉಡುಪಿಗೂ ನಾವು ಅದನ್ನೇ ಹಿಡಿದೆವು. ತಾತ್ಕಾಲಿಕ ಕಟ್ಟಡ ಅಂತ 5 ವರ್ಷದ ಆಯುಸ್ಸು ಹಿಡಿದರೆ ಅದನ್ನು 0.76ರಿಂದ ಗುಣಿಸಬಹುದು. 29.6 ಆಯಿತು. ಒತ್ತಡ ಅಂದರೆ ವೇಗದ ವರ್ಗಕ್ಕೆ 0.6 ಗುಣಿಸಿದ್ದು, ಚದರ ಮೀಟರಿಗೆ 527 ನ್ಯೂಟನ್, ಸುಮಾರು 54 ಕೆಜಿ. ಮಾಡಿನ ಕೆಳಗಿನ ನೆಲ 28.8 ಚದರ ಮೀಟರ್. ಮೇಲೆತ್ತುವ ಗುಣಾಂಕ, ಅಂದರೆ ಆ ಒತ್ತಡದಲ್ಲಿ ಮಾಡನ್ನು ಎತ್ತುವ ಪಾಲು, ಒಟ್ಟಾರೆ 0.7 ಅಂತ ಹಿಡಿದರೆ ಎತ್ತುವ ಬಲ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ. 300 ಕೆಜಿ ಮಾಡನ್ನು ಒಂದು ಟನ್ ಎತ್ತಲು ನೋಡುತ್ತದೆ! ಈ ಲೆಕ್ಕವನ್ನು ಸ್ಟ್ರಕ್ಚರಲ್ ಇಂಜಿನಿಯರ್ ಗೆಳೆಯರೊಬ್ಬರಿಗೆ ತೋರಿಸಿಯೇ ಮುಂದೆ ಹೋದದ್ದು. ಮಕ್ಕಳು ಕೂರುವ ಜಾಗ. ಇಂಥದ್ದನ್ನು ನೀವು ಮಾಡುವುದಾದರೂ ಹಾಗೇ ಮಾಡಿ.

ಗುಂಡಿ ತೋಡದೆ ಇಷ್ಟು ಭಾರ ಎಲ್ಲಿಂದ ತರುವುದು? ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ನಮ್ಮೂರಲ್ಲಿ ಯಾವ ಮನೆ ಕಟ್ಟುವ ಜಾಗದಲ್ಲೂ ಒಂದು ರಾಶಿ ಬಿದ್ದಿರುತ್ತದೆ. ತೂಗಿ ನೋಡಿದಾಗ ಒಂದು ಕಲ್ಲು 28 ಕೆಜಿ ಬಂತು. ಎರಡು ಬದಿಗೂ 18 ಎಂ.ಎಂ. ಪ್ಲೈಯ ಪೆಟ್ಟಿಗೆಗಳು, ಒಂದೂವರೆ ಅಡಿ ಎತ್ತರ. ಬದಿಗೆ ಐದರಂತೆ ಹತ್ತು. ಒಂದೊಂದರಲ್ಲಿ ಆರು ಕಲ್ಲು. ಒಟ್ಟು 60 ಕಲ್ಲು, 1680 ಕೆಜಿ. ಪೆಟ್ಟಿಗೆಗೆ ತಳ ಕಡ್ಡಾಯ. ತಳ ಇಲ್ಲದ ಪೆಟ್ಟಿಗೆಯಲ್ಲಿ ಕಲ್ಲು ತುಂಬಿದರೆ ಗಾಳಿ ಪೆಟ್ಟಿಗೆಯನ್ನು ಎತ್ತಿ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಪೆಟ್ಟಿಗೆಯ ಮೇಲ್ಮುಚ್ಚಳವೇ ಮಕ್ಕಳಿಗೆ ಬೆಂಚು. ಅದಕ್ಕೆ ರಬ್ಬರ್ ಮರದ ಫಿಂಗರ್ ಜಾಯಿಂಟ್ ಬೋರ್ಡ್ ಹಾಕಿದೆವು. ಸುಳ್ಯ, ಪುತ್ತೂರು ಕಡೆ ಹಾಲು ಕೊಟ್ಟು ಮುಗಿದ ರಬ್ಬರ್ ಮರಗಳಿಗೆ ಇದೊಂದು ಒಳ್ಳೆಯ ದಾರಿ. ಆದರೆ ಆ ಮರದಲ್ಲಿ ಪಿಷ್ಟ ಜಾಸ್ತಿ, ಹುಳಕ್ಕೆ ಹಬ್ಬ. ಬೊರಾಕ್ಸ್–ಬೋರಿಕ್ ಆಸಿಡ್ ಟ್ರೀಟ್‌ಮೆಂಟ್ ಆದದ್ದನ್ನೇ ಕೇಳಿ ತನ್ನಿ. ಮಳೆಗೆ ಬಿಡಬೇಡಿ.

ಎತ್ತುವ ಗಾಳಿಗೆ ಕಲ್ಲು ಸಾಕಾಯಿತು. ಅಡ್ಡ ತಳ್ಳುವ ಗಾಳಿಗೆ ಸಾಕಾಗಲಿಲ್ಲ, ಜೊತೆಗೆ ಕಮಾನಿನ ಕಾಲುಗಳೂ ತಮ್ಮಷ್ಟಕ್ಕೆ ಹೊರಗೆ ಜಾರಲು ನೋಡುತ್ತವೆ. ಮೈದಾನದ ಅಡಿ ಗಟ್ಟಿ ಮುರಕಲ್ಲಿನ ಪಾದೆ, ಗೂಟ ಹೊಡೆದರೆ ಗೂಟವೇ ಬಗ್ಗುತ್ತದೆ. ಹೆಡ್‌ಮಾಸ್ಟ್ರನ್ನು ಒಪ್ಪಿಸಿ ಪ್ರತಿ ಕಾಲಿನ ಬಳಿ ಒಂದು ಸಣ್ಣ ತೂತು ಕೊರೆದೆವು, ಅದರಲ್ಲಿ 16 ಎಂ.ಎಂ. ಕಬ್ಬಿಣದ ಸರಳು. ಬಿಚ್ಚಿದ ಮೇಲೆ ಅದೇ ಮುರಕಲ್ಲಿನ ಪುಡಿ ತುಂಬಿ ಕುಟ್ಟಿದರೆ ತೂತು ಎಲ್ಲಿತ್ತು ಅಂತ ಹುಡುಕಬೇಕು.

ನಿಲ್ಲಿಸಿದ್ದು

ಕಮಾನನ್ನು ನೆಲದ ಮೇಲೆ ಮಲಗಿಸಿಯೇ ಜೋಡಿಸಬೇಕು. ಮೊದಲ ಪದರದ ಏಳು ತುಂಡು ಸಾಲಾಗಿ, ಅದರ ಮೇಲೆ ಸರಿಸಿದ ಎರಡನೆಯದು, ಮೇಲೆ ಮೂರನೆಯದು. ಎಲ್ಲ ಬೋಲ್ಟ್ ತೂರಿಸಿ ಆಗುವವರೆಗೆ ಯಾವುದನ್ನೂ ಪೂರ್ತಿ ಬಿಗಿಯಬಾರದು. ಬಿಗಿಯುವುದು ನೆತ್ತಿಯಿಂದ ಬುಡಕ್ಕೆ, ಎರಡೂ ಕಡೆ ಒಟ್ಟೊಟ್ಟಿಗೆ. ನಾಲ್ಕು ಜನ ಸೇರಿದರೆ ಕಮಾನು ಎದ್ದು ನಿಲ್ಲುತ್ತದೆ. ಮೊದಲನೆಯದಕ್ಕೆ ಹಗ್ಗ ಕಟ್ಟಿ ಹಿಡಿದುಕೊಳ್ಳಿ. ಎರಡನೆಯದು ಎದ್ದು ರೀಪು ಬಿದ್ದ ಮೇಲೆ ಅದರ ಪಾಡಿಗೆ ಅದು ನಿಲ್ಲುತ್ತದೆ. ರೀಪಿಗೆ ಅಡಿಕೆ ಮರ ಸೀಳಿದ ದಬ್ಬೆ. ಅದನ್ನು ಕೂರಿಸಲು ಕಮಾನಿಗೆ ಕಚ್ಚು ಹಾಕಲಿಲ್ಲ. ಕೊಯ್ದು ಉಳಿದ ಪ್ಲೈ ಚೂರುಗಳನ್ನೇ ಗುಟ್ಟೆ ಮಾಡಿ ಸ್ಕ್ರೂ ಹೊಡೆದೆವು.

ನಿಲ್ಲಿಸಿದ ಕೂಡಲೇ ಕಮಾನಿನ ನೆತ್ತಿ ಸುಮಾರು 20 ಎಂ.ಎಂ. ಕೆಳಗಿಳಿಯಿತು. ನೋಡುತ್ತಿದ್ದವರು ಗಾಬರಿಯಾದರು. ಇದು ಬೋಲ್ಟ್‌ಗಳು ತೂತಿನಲ್ಲಿ ಕೂರುವ ಸಡಿಲ, ಅಷ್ಟಕ್ಕೇ ನಿಂತಿತು. ಮರುದಿನ ಬೆಳಗ್ಗೆ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿದೆವು. ಹೆಚ್ಚು ಕಡಿಮೆ ಎಲ್ಲವೂ ಕಾಲು ಸುತ್ತು ತೆಗೆದುಕೊಂಡವು. ಮರದ ಕೆಲಸದಲ್ಲಿ ಎರಡನೇ ಸಲ ಬಿಗಿಯುವುದು ತಪ್ಪಿಸಬಾರದು.

ಉದ್ದಕ್ಕೆ ಓಲಾಡದ ಹಾಗೆ ಏನು ಮಾಡುವುದು ಅನ್ನುವಲ್ಲಿ ಪ್ಲೈಯ ಇನ್ನೊಂದು ಗುಣ ಕೈಹಿಡಿಯಿತು. ಕಮಾನಿನ ನಡುವಿನ ಅಂತರ 1.2 ಮೀಟರ್ ಇಟ್ಟದ್ದು ಸುಮ್ನೆ ಅಲ್ಲ. ಶೀಟಿನ ಅಗಲ ಅದೇ. 4 ಎಂ.ಎಂ. ಪ್ಲೈ ಶೀಟನ್ನು ಬುಡದಿಂದ ಮೇಲಕ್ಕೆ ಕಮಾನಿನ ಬೆನ್ನ ಮೇಲೆ ಒತ್ತಿದರೆ ಹಪ್ಪಳದ ಹಸಿ ಹಾಳೆಯ ಹಾಗೆ ಬಗ್ಗಿ ಕೂರುತ್ತದೆ. ಎರಡು ಕಮಾನಿನ ನಡುವಿನ ಜಾಗ ಒಂದು ಅಂಕಣ. ಎರಡು ತುದಿಯ ಅಂಕಣಗಳಿಗೆ, ಎರಡೂ ಬದಿಗೆ, ಒಟ್ಟು ನಾಲ್ಕೇ ಶೀಟು. ಸಾಲಾಗಿ ಸ್ಕ್ರೂ ಬಿದ್ದ ಮೇಲೆ ಚಪ್ಪರವನ್ನು ಉದ್ದಕ್ಕೆ ತಳ್ಳಿ ನೋಡಿದೆವು. ಮೊದಲು ಒಂದು ಕೈಯಲ್ಲಿ ಅಲ್ಲಾಡುತ್ತಿದ್ದದ್ದು ಈಗ ಇಬ್ಬರು ಭುಜ ಕೊಟ್ಟರೂ ಕದಲಲಿಲ್ಲ. ಓರೆ ಕಂಬ, ತಂತಿ ಯಾವುದೂ ಬೇಡವಾಯಿತು. ತೆಳು ಹಾಳೆ ಬಗ್ಗಿದಾಗ ಎಷ್ಟು ಗಟ್ಟಿ ಆಗುತ್ತದೆ ಅನ್ನುವುದು ಆಚಾರ್ರಿಗೂ ಅಲ್ಲಿ ಖುಷಿ ಕೊಟ್ಟ ವಿಷಯ. ಅವರೇ ಹೋಗಿ ಇನ್ನೊಮ್ಮೆ ತಳ್ಳಿ ಬಂದರು.

ನಡುವಿನ ಮೂರು ಅಂಕಣಗಳಿಗೆ ಹೆಣೆದ ಮಡಲು (ತೆಂಗಿನ ಗರಿ), ನಾರಿನ ಹಗ್ಗದಲ್ಲಿ ಕಟ್ಟಿದ್ದು. ತುದಿಯ ಅಂಕಣಗಳ ನೆತ್ತಿ ಹಾಗೇ ಬಿಟ್ಟೆವು, ಬಿಸಿ ಗಾಳಿ ಹೊರಗೆ ಹೋಗಲಿ ಅಂತ. ಗಾಳಿ ಜೋರಾಗುವ ಲಕ್ಷಣ ಕಂಡರೆ ಮೊದಲು ಮಡಲಿನ ಹಗ್ಗ ಬಿಚ್ಚಿ ಇಳಿಸುವುದು, ಮಕ್ಕಳನ್ನು ಹೊರಗೆ ಕಳಿಸುವುದು ಅಂತ ಒಬ್ಬರಿಗೆ ಜವಾಬ್ದಾರಿ ಕೊಟ್ಟಿದ್ದೆವು. ಮಧ್ಯಾಹ್ನದ ಕಡಲ ಗಾಳಿಗೆ ಮಡಲು ಪಟಪಟ ಅಂದದ್ದು ಬಿಟ್ಟರೆ ಆ ಕೆಲಸ ಅವರಿಗೆ ಬೀಳಲಿಲ್ಲ. ಒಣಗಿದ ಮಡಲಿನ ಹತ್ತಿರ ಬಿಸಿಯಾಗುವ ಲೈಟು ಬೇಡ. ಎಲ್‌ಇಡಿ ಪಟ್ಟಿಯನ್ನು ಕಮಾನಿನ ಒಳಬದಿಗೆ ಅಂಟಿಸಿದೆವು.

ಬಿಚ್ಚಿದ್ದು

ಕಟ್ಟಿದ್ದಕ್ಕಿಂತ ಬಹಳ ಬೇಗ ಮುಗಿಯಿತು. ಎರಡು ಇಂಪ್ಯಾಕ್ಟ್ ಡ್ರೈವರ್, ಒಂದು ಬಕೆಟ್ ಬೋಲ್ಟಿಗೆ, ಒಂದು ವಾಷರಿಗೆ. ತುಂಡುಗಳೆಲ್ಲ ಒಂದೇ ಆಕಾರ ಆದ್ದರಿಂದ ಒಂದರ ಮೇಲೊಂದು ಪೇರಿಸಿದರೆ ಸೊಂಟದೆತ್ತರದ ಎರಡು ಅಟ್ಟಿ, ಅಷ್ಟೇ. ಕಲ್ಲು ಬಂದಲ್ಲಿಗೆ ವಾಪಸ್ ಹೋಯಿತು. ಬೋಲ್ಟ್ ತೂತುಗಳಲ್ಲಿ ಕೆಲವು ಸ್ವಲ್ಪ ಮೊಟ್ಟೆಯಾಕಾರ ಆಗಿದ್ದವು, ಹೆಚ್ಚಾಗಿ ಬುಡದ ತುಂಡುಗಳಲ್ಲಿ. ಅವಕ್ಕೆ ಮೂಲೆಯಲ್ಲಿ ಕೆಂಪು ಚುಕ್ಕಿ ಇಟ್ಟಿದ್ದೇವೆ, ಮುಂದಿನ ಸಲ ಅವು ನೆತ್ತಿಗೆ ಹೋಗುತ್ತವೆ. ನಂಬರಿಲ್ಲದ ತುಂಡಿನ ಲಾಭ ಇದೇ.

ಈಗ ಎಲ್ಲವೂ ಶಾಲೆಯ ಸ್ಟೋರ್ ರೂಮಿನ ಅಟ್ಟದಲ್ಲಿದೆ. ನೆಲಕ್ಕೆ ತಾಗಿಸಿ ಇಟ್ಟರೆ ಒರಲೆ (ಗೆದ್ದಲು) ಗ್ಯಾರಂಟಿ. ಗೋಡೆಗೂ ತಾಗಿಸಿಲ್ಲ, ನಡುವೆ ದಬ್ಬೆ ಕೊಟ್ಟು ಗಾಳಿಯಾಡುವ ಹಾಗೆ ಮಲಗಿಸಿದೆ. ಎರಡು ಕಮಾನುಗಳ ತುಂಡುಗಳನ್ನು ನೆಲದ ಮೇಲೆ ಸೇರಿಸಿದರೆ 4.8 ಮೀಟರಿನ ಪೂರ್ತಿ ಬಳೆ ಆಗುತ್ತದೆ. ಬಳೆಗೆ ಬುಡ ಇಲ್ಲದ ಕಾರಣ ಕೊಯ್ದ ತುಂಡುಗಳೂ ಬೇಡ, 42 ಇಡೀ ತುಂಡು ಸಾಕು. ಎರಡು ಕಮಾನಿನಲ್ಲಿ 38 ಸಿಗುತ್ತವೆ, ಉಳಿದ ನಾಲ್ಕು ಬೇರೆ ಕಮಾನಿನಿಂದ. ಡ್ರಾಯಿಂಗ್ ಮೇಷ್ಟ್ರು ಅದನ್ನು ನೋಡಿಟ್ಟುಕೊಂಡಿದ್ದಾರೆ. ಶಾಲಾ ವಾರ್ಷಿಕೋತ್ಸವಕ್ಕೆ ಅಂಗಳದ ಮಾವಿನ ಮರದ ಸುತ್ತ ಅದನ್ನೇ ಅಂಚು ಮಾಡಿ ವೇದಿಕೆ ಹಾಕಬಹುದಾ ಅಂತ ಕೇಳಿದರು. ಆಚಾರ್ರು ಈಗಾಗಲೇ ಅದರ ಕಾಲಿಗೆ ಅಚ್ಚು ಬಿಡಿಸುತ್ತಿದ್ದಾರೆ.